ಆಯಿಯ ಬೂದಿ ಬೆರಳು

ಕಳೆದ ವಾರ ಟ್ರಂಕಿನ ತಳದಿಂದ ಬಿ.ಎ. ಮೂರನೇ ವರ್ಷದ ಅರ್ಥಶಾಸ್ತ್ರದ ಪುಸ್ತಕ ಕೈಗೆ ಬಂತು. ನಾನು ಹುಡುಕುತ್ತಿದ್ದದ್ದು ಪದವಿ ಪ್ರಮಾಣಪತ್ರವನ್ನು. ಹುನಗುಂದದ ಒಂದು ಹಾಸ್ಟೆಲ್ಲಿನಲ್ಲಿ ನನಗೆ ಕೆಲಸವಾಗಿದೆ. ಮೂಲಪ್ರತಿಯನ್ನು ಬಾಗಲಕೋಟೆಗೆ ಒಯ್ದು ತೋರಿಸಬೇಕಾಗಿತ್ತು. ಪುಸ್ತಕ ತೆರೆದರೆ ಅಂಚಿನಲ್ಲೆಲ್ಲ ಬೂದುಬಣ್ಣದ ಹೆಬ್ಬೆರಳಿನ ಗುರುತು. ಮೂಗಿಗೆ ಹಿಡಿದೆ. ಒಲೆಯ ಬೂದಿ, ನೂಲಿನ ಗಂಜಿ, ಚೂರು ಎಲೆಅಡಿಕೆ... ಪ್ರಮಾಣಪತ್ರ ಹುಡುಕುವುದನ್ನು ಬಿಟ್ಟು ಅಲ್ಲೇ ಕೂತುಬಿಟ್ಟೆ.

ಆ ಗುರುತು ಒತ್ತಿದ ಮುದುಕಿಯನ್ನು ಇಳಕಲ್ಲಿನ ನಮ್ಮ ಓಣಿಯಲ್ಲಿ ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದರು. ಆಕೆಯದು ಕೆಚ್ಚುವ ಕೆಲಸ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಬೇಕು. ಗಂಟು ಹಾಕುವಂತಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು, ಅಷ್ಟೇ. ಸಾವಿರಾರು ಎಳೆ! ಆಯಿ ತೆಂಗಿನ ಚಿಪ್ಪಿನಲ್ಲಿ ಬೂದಿ ಇಟ್ಟುಕೊಂಡು, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಊರ ಸುದ್ದಿಯನ್ನೆಲ್ಲ ಆಡುತ್ತ ಕೂಡಿಸುತ್ತ ಹೋಗುತ್ತಿದ್ದಳು. ಸಾಲೆಯ ಕಟ್ಟೆ ಹತ್ತಿದವಳಲ್ಲ.

ನಾನು ಹತ್ತನೆಯ ತರಗತಿ ಮುಗಿಸಿದ್ದೇ ನೇಯಲು ಮಗ್ಗದ ಕುಣಿಗೆ ಇಳಿದವಳು. ಪಿಯುಸಿಯನ್ನು ಮನೆಯಲ್ಲೇ ಓದಿ ಕಟ್ಟಿದೆ. ಆಮೇಲೆ ಬಿ.ಎ.ಗೂ ಹಾಗೆಯೇ ಹೆಸರು ಹಚ್ಚಿದೆ. ಕ್ಲಾಸಿಲ್ಲ, ಮಾಸ್ತರರಿಲ್ಲ, ತಪ್ಪಿದರೆ ತಪ್ಪೆನ್ನುವವರಿಲ್ಲ. ಆಯಿ ಕೆಚ್ಚಲು ಕೂತಾಗ ಮಗ್ಗ ನಿಂತಿರುತ್ತದಲ್ಲ, ನನಗೆ ಓದಲು ಪುರುಸೊತ್ತು ಸಿಗುತ್ತಿದ್ದದ್ದೇ ಆಗ.

“ಮನಸಿನ್ಯಾಗ ಓದಿಕೊಂಡ್ರ ನನಗೇನ ಬಂತು? ಬಾಯಿ ಬಿಟ್ಟ ಓದು,” ಎಂದು ಮೊದಲ ದಿನವೇ ಹುಕುಂ ಮಾಡಿದಳು. ಓದಿದೆ. ಕ್ರಮೇಣ ರುಚಿ ಹತ್ತಿತು ಆಕೆಗೆ. ಬೇರೆ ಮನೆಯಲ್ಲಿ ಕೆಲಸವಿದ್ದ ದಿನವೂ ಸಂಜೆ ಬಂದು ಕೂರುತ್ತಿದ್ದಳು. ನಿಲ್ಲಿಸಿದ ಕಡೆ ತೊಳೆಯದ ಹೆಬ್ಬೆರಳನ್ನು ಒತ್ತುತ್ತಿದ್ದಳು. ಮರುದಿನ ಅದನ್ನು ಆಕೆಯೇ ಹುಡುಕಿ ತೆಗೆದು, “ಇಲ್ಲಿಂದ ಮುಂದ,” ಎನ್ನುವಳು.

ನನಗೋ ಸಿಟ್ಟು. ಓದಿದ ಮೇಲೆ ಹಳೆಪುಸ್ತಕದ ಅಂಗಡಿಗೆ ಕೊಟ್ಟು ಬೇರೆಯವು ತರುವವಳು ನಾನು.

“ಆಯಿ, ಪುಸ್ತಕ ಹೊಲಸ ಆಗ್ತೈತಿ. ಆಮ್ಯಾಲೆ ಯಾರ ತಗೋತಾರ ಇದನ್ನ?”

“ಮಾರಾಕ ತಂದಿಯೋ, ಓದಾಕ ತಂದಿಯೋ?”

ಮರುದಿನ ಮತ್ತೆ ಬೂದಿ.

ಉಳಿದದ್ದೆಲ್ಲ ಪಾಸಾಯಿತು. ಅರ್ಥಶಾಸ್ತ್ರದ ಒಂದು ಪೇಪರು ಮಾತ್ರ ಎರಡು ಸಲ ಹೋಯಿತು. ಮೂರನೆಯದೇ ಕೊನೆಯ ಅವಕಾಶ; ಅದರಲ್ಲೂ ಹೋದರೆ ಅವಧಿ ಮುಗಿದು, ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಪ್ಪನೂ, “ಈ ಸಲ ಆಗಲಿಲ್ಲಂದ್ರ ಸಾಕು ಮಾಡವ್ವಾ,” ಎಂದಿದ್ದ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆತ್ತಗೆ ಹೇಳಿದ್ದಕ್ಕೇ ಅಳು ಬಂತು.

ಆಯಿಯ ಮುಂದೆ ಕೂತು ಅತ್ತೆ. ಆಕೆ ಕೈ ನಿಲ್ಲಿಸದೆ ಕೇಳಿದಳು.

“ಏನ ಬರಲಿಲ್ಲ?”

“ಎರಡನೇ ಪ್ರಶ್ನಿ. ಅದರ ಮ್ಯಾಲೇ ಹೊತ್ತೆಲ್ಲ ಹೋತು.”

“ಮೂರನೇದು?”

“ಬರ್ತಿತ್ತು. ನಾಕನೇದೂ ಬರ್ತಿತ್ತು.”

“ಮತ್ತ ಬರಿಲಿಲ್ಲ ಯಾಕ?”

“ಎರಡು ಬಿಟ್ಟು ಮೂರಕ್ಕ ಹೆಂಗ ಹೋಗೂದು ಆಯಿ? ಕೈನ ಏಳೂದಿಲ್ಲ.”

ನಿಜ ಅದು. ಹಾಗೆ ಬಿಟ್ಟು ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಅಷ್ಟು ವರ್ಷ ನೇಯ್ದ ಕೈ ನನ್ನದು. ನಡುವೆ ಒಂದು ಮೊಳ ಬಿಟ್ಟು ಮುಂದಿನ ಮೊಳ ನೇಯಲು ಬರುತ್ತದೆಯೇ? ಪ್ರಶ್ನೆಪತ್ರಿಕೆಯನ್ನೂ ನಾನು ಸೀರೆಯಂತೆಯೇ ಒಂದು ಕಡೆಯಿಂದ ಹಿಡಿದಿದ್ದೆ. ಆಯಿ ಎಲೆಅಡಿಕೆ ಉಗುಳಿ ಬಂದು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏ ಖೋಡಿ! ನೇಯೂದು ಬ್ಯಾರೆ, ಕೆಚ್ಚೂದು ಬ್ಯಾರೆ. ಎಳಿ ಸಿಗಲಿಲ್ಲಂದ್ರ ನಾ ಏನ ಮಾಡ್ತೇನಿ? ಅದನ್ನ ಅಲ್ಲೇ ಇಳಿಬಿಟ್ಟು ಮುಂದಿಂದು ಹಿಡಿತೇನಿ. ಎಲ್ಲಾ ಮುಗಿಸಿ ಹಿಂದ ಬಂದು ಅದನ್ನ ಕೂಡಸ್ತೇನಿ. ಒಂದ ಎಳಿ ಹಿಡಕೊಂಡು ಕುಂತ್ರ ನಿಮ್ಮಪ್ಪನ ಮಗ್ಗ ದೀಪಾವಳಿತನಕ ನಿಲ್ಲತೈತಿ.”

ಮೂರನೆಯ ಸಲ ಬಾಗಲಕೋಟೆಯ ಪರೀಕ್ಷಾ ಕೇಂದ್ರದಲ್ಲಿ ಕೂತಾಗ, ನನ್ನ ಕರ್ಮ, ಎರಡನೆಯದೇ ಮತ್ತೆ ಬರಲಿಲ್ಲ. ಕೈ ಅಲ್ಲೇ ಕಚ್ಚಿಕೊಂಡಿತು. ಡೆಸ್ಕಿನ ಕೆಳಗೆ ಹೆಬ್ಬೆರಳಿಗೆ ತೋರುಬೆರಳು ಹೊಸೆದೆ, ಬೂದಿ ಹಚ್ಚಿಕೊಂಡವಳ ಹಾಗೆ. ಒಂದು ಪುಟ ಖಾಲಿ ಬಿಟ್ಟು ಮೂರಕ್ಕೆ ಹೋದೆ. ಎಳೆ ಸಿಗುತ್ತ ಹೋಯಿತು... ಕೊನೆಗೆ ತಿರುಗಿ ಬಂದಾಗ ಎರಡನೆಯದಕ್ಕೂ ಅರ್ಧ ಪುಟದಷ್ಟು ಹೊಳೆಯಿತು. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಚುರುಮುರಿಯ ಗಿರಮಿಟ್ಟು ತಿಂದೆ. ಎಷ್ಟೋ ತಿಂಗಳ ಮೇಲೆ ತಿಂದದ್ದಕ್ಕೆ ರುಚಿಯಿದೆ ಅನ್ನಿಸಿದ ದಿನ ಅದು.

ಫಲಿತಾಂಶ ಬಂದಾಗ ಓಡಿದೆ. ಆಯಿ ಯಾರದೋ ಮಗ್ಗದ ಹಿಂದೆ ಕೂತಿದ್ದಳು.

“ಆಯಿ, ಪಾಸ!”

“ತಡಿ, ಈ ಎಳಿ ಮುಗಿಸ್ತೇನಿ.” ಮುಗಿಸಿ ತಲೆಯೆತ್ತಿದಳು. ಕಣ್ಣು ಒದ್ದೆ. “ಅಂದ್ರ ನಾನೂ ಪಾಸಾದ್ನಲ್ಲ? ಕೇಳಿ ಕೇಳಿ ಕಿವಿ ತೂತ ಬಿದ್ದಾವು ನನ್ನವು.” ಬೂದಿ ಕೈಯಿಂದ ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ನಾನು ಮುಖ ತೊಳೆಯದೆ ಓಣಿತುಂಬ ಓಡಾಡಿದೆ.

ಹೋದ ವರ್ಷ ಆಯಿ ತೀರಿಕೊಂಡಳು. ನನ್ನ ನೌಕರಿಯ ಸುದ್ದಿ ಕೇಳಲು ಇರಲಿಲ್ಲ. ಇದ್ದಿದ್ದರೆ ಹುನಗುಂದಕ್ಕೆ ನನ್ನೊಡನೆ ಬಸ್ಸು ಹತ್ತಿಬಿಡುತ್ತಿದ್ದಳೋ ಏನೋ. ಆಕೆಯದೊಂದು ಫೋಟೋ ಕೂಡ ಯಾರ ಬಳಿಯೂ ಇಲ್ಲ.

ಬಾಗಲಕೋಟೆಯ ಕೆಲಸ ಮೊನ್ನೆ ಮುಗಿಯಿತು. ಟ್ರಂಕಿನಲ್ಲೇ ಸಿಕ್ಕಿದ್ದ ಪ್ರಮಾಣಪತ್ರವನ್ನು ಕಚೇರಿಯವರು ನೋಡಿದರು, ಸಹಿ ಹಾಕಿದರು. ಉಸಿರು ಬಿಟ್ಟೆ. ಮನೆಗೆ ಬಂದು ಅದನ್ನು ಆ ಪುಸ್ತಕದೊಳಗೇ ಇಟ್ಟೆ. ಉಳಿದ ಪುಸ್ತಕಗಳೆಲ್ಲ ಎಂದೋ ಹೋದವು. ಮೂರು ಸಲ ಓದಿ ಬೂದಿ ತುಂಬಿದ್ದ ಇದೊಂದನ್ನು ಮಾತ್ರ ಹಳೆಪುಸ್ತಕದ ಅಂಗಡಿಯವನು ಎರಡು ಹಾಳೆ ತಿರುವಿ, “ಇಷ್ಟ ಹೊಲಸ ಮಾಡಿರಿ, ಒಲ್ಲೆರಿ,” ಎಂದು ತಿರುಗಿ ಕೊಟ್ಟಿದ್ದ. ಮನೆಯವರೆಗೂ ಅವನಿಗೂ ಆಯಿಗೂ ಕೂಡಿಯೇ ಬಯ್ಯುತ್ತ ಬಂದಿದ್ದೆ.

ಆ ಅಂಗಡಿಯವನ ಹೊಟ್ಟೆ ತಣ್ಣಗಿರಲಿ.