ಎರಡು ಸಾವಿರ ವರ್ಷದ ಗೊಬ್ಬರ

ಹೋದ ಭಾನುವಾರ ದೇವದುರ್ಗದ ಕಡೆಯ ಒಬ್ಬ ರೈತ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಂಕಣ ಬರೆಯುವವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ? ಆದರೆ ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಹಿಂದಿನ ವರ್ಷ ಇದೇ ಅಂಕಣದಲ್ಲಿ ಆ ರೈತನ ಊರಿನ ಹಾಳು ದಿಬ್ಬದ ಬಗ್ಗೆ ಬರೆದಿದ್ದೆ. ನಿಮಗೆ ನೆನಪಿರಬಹುದು. (ನೆನಪಿಲ್ಲದಿದ್ದರೆ ಒಳ್ಳೆಯದೇ.) ಒಂದು ಕಾಲಕ್ಕೆ ಅದು ಬೌದ್ಧ ಅರಸರ ರಾಜಧಾನಿ. ಇಟ್ಟಿಗೆಯ ಗೋಡೆ, ದುಂಡನೆಯ ಸ್ತೂಪದ ಪಾಯ, ಬುದ್ಧನ ಪಾದ ಕೆತ್ತಿದ ಚಪ್ಪಡಿ, ಎಲ್ಲ ಕಣ್ಣಾರೆ ಕಂಡಿದ್ದೆ. ಉತ್ಸಾಹ ನೆತ್ತಿಗೇರಿತ್ತು. 'ಇದು ಬರೀ ಮಣ್ಣಲ್ಲ. ಎರಡು ಸಾವಿರ ವರ್ಷದ ಬೂದಿ, ಎಲುಬು, ಕೊಟ್ಟಿಗೆಯ ಸಗಣಿ, ಒಂದು ನಗರದ ಇಡೀ ಬದುಕು ಇದರೊಳಗೆ ಬೆರೆತಿದೆ' ಎಂದು ಬರೆದೆ. ಆ ಸಾಲನ್ನು ನಾನೇ ನಾಲ್ಕು ಸಲ ಓದಿಕೊಂಡು ಮೆಚ್ಚಿದ್ದೂ ಉಂಟು.

ರಾಯಚೂರಿನಲ್ಲಿ ಗಡಿಯಾರ ರಿಪೇರಿ ಮಾಡುವ ಗೆಳೆಯ ಖಾದರ್ ಅದನ್ನು ಓದಿದಾಗಿನಿಂದ ತಾನೂ ನೋಡಬೇಕೆಂದು ಗಂಟುಬಿದ್ದಿದ್ದ. ಕ್ಯಾಮೆರಾಕ್ಕೆ ಹೊಸ ರೀಲು ಹಾಕಿಸಿಕೊಂಡು ಬಂದ. ದೇವದುರ್ಗದಾಚೆ ಬಸ್ಸಿಳಿದು ಎರಡು ಮೈಲಿ ನಡೆದೆವು. ದಾರಿಯುದ್ದಕ್ಕೂ ಗೈಡ್ ಥರ ನನ್ನದೇ ಭಾಷಣ.

ಹೋಗಿ ನೋಡಿದರೆ ದಿಬ್ಬವೇ ಇರಲಿಲ್ಲ.

ಖಾದರ್ ಸುತ್ತ ನೋಡಿದ. "ಎಲ್ಲಿ ಅದ ಸಾಬ್, ನಿಮ್ಮ ಶಹರ?"

ತಗ್ಗುಬಿದ್ದ ನೆಲ, ಬಂಡಿಗಾಲಿಯ ಜಾಡು, ಒಂದಷ್ಟು ಇಟ್ಟಿಗೆ ಚೂರು. ಅಷ್ಟರಲ್ಲಿ ಪಕ್ಕದ ಹೊಲದಿಂದ ಅಮರಪ್ಪ ಓಡಿಬಂದ. ಹೋದ ವರ್ಷ ನನಗೆ ದಿಬ್ಬವನ್ನೆಲ್ಲ ಸುತ್ತಿಸಿ ತೋರಿಸಿದವನು ಅವನೇ.

"ಬರ್ರಿ ಸಾಹೇಬ್ರ, ಬರ್ರಿ! ನೀವು ಪೇಪರಿನಾಗ ಬರದಿದ್ದು ನಮಗ ಬಾಳ ಉಪಕಾರ ಆತ್ರಿ" ಎಂದವನೇ ಬಗ್ಗಿ ಕಾಲು ಮುಟ್ಟಿದ.

ನಮ್ಮ ಕಡೆ ಹಾಳೂರಿನ ಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೊಡೆಯುವುದು ಹೊಸದೇನಲ್ಲ. ಬೇಸಿಗೆಯಲ್ಲಿ ಒಬ್ಬರೋ ಇಬ್ಬರೋ ಬಂಡಿ ಕಟ್ಟುತ್ತಿದ್ದರು. ಆದರೂ ದಿಬ್ಬ ದಿಬ್ಬವಾಗಿಯೇ ಉಳಿದಿತ್ತು. ನನ್ನ ಅಂಕಣ ಬರುವವರೆಗೆ.

"ಶಾಲಿ ಮಾಸ್ತರ್ರು ಕಟ್ಟಿ ಮ್ಯಾಲ ಕುಂತು ಓದಿ ಹೇಳಿದ್ರಿ. ಎರಡು ಸಾವಿರ ವರ್ಷದ ಸಗಣಿ, ಎಲುವು, ಬೂದಿ! ಅಷ್ಟು ಹಳೀ ಗೊಬ್ಬರ ಎಲ್ಲಿ ಸಿಗತದ್ರಿ? ಮಾನ್ವಿ ಕಡಿಂದನೂ ಬಂಡಿ ಬಂದ್ವು!"

"ಪಾದದ ಕಲ್ಲು?" ಎಂದೆ.

"ಅದೂ ಅದ ರೀ, ಎಲ್ಲಿ ಹೋಗತದ? ಹಳ್ಳದಾಗ ಬಂಡಿ ಹೂತು ಹೋಗಾಕತ್ತಿದ್ವು. ಒಡದು ದಾರಿಗೆ ಹಾಕೀವಿ. ಬಾಳ ಗಟ್ಟಿ ಕಲ್ಲು."

ಖಾದರ್ ಕ್ಯಾಮೆರಾವನ್ನು ಚೀಲದೊಳಗೆ ಇಟ್ಟುಬಿಟ್ಟ.

ಯಾರ ಮೇಲೆ ಸಿಟ್ಟು ಮಾಡಲಿ? ಅಮರಪ್ಪನ ಮೇಲೆಯೇ? ರಾಯಚೂರಿನ ಗಟಾರದ ಬಗ್ಗೆ ಎಷ್ಟು ಸಲ ಬರೆದಿದ್ದೇನೆ. ಒಂದು ಕಡ್ಡಿ ಅಲ್ಲಾಡಿಲ್ಲ. ನಾನು ಬರೆದದ್ದನ್ನು ಜನ ನಂಬಿ ನಡೆದದ್ದು ಇದೊಂದೇ ಸಲ. ಎಷ್ಟೋ ದಂಡು ದಾಳಿ ಹಾದುಹೋದರೂ ಉಳಿದಿದ್ದ ಊರು, ನನ್ನ ಒಂದು ಅಂಕಣಕ್ಕೆ ಉಳಿಯಲಿಲ್ಲ. ನಾಚಿಕೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ದುಃಖವಾಗುತ್ತದೆ. ಅದನ್ನು ಮತ್ತೆ ಕಟ್ಟುವುದು ಯಾರಿಂದಲೂ ಆಗದು.

ಅಮರಪ್ಪನ ಜೋಳ ಆಳೆತ್ತರ ಬೆಳೆದಿತ್ತು. ಅವನು ತೆನೆ ಹಿಡಿದು ತೋರಿಸಿದ, ಅವನ ಮುಖದ ತುಂಬ ನಗು. ಚೆನ್ನಾಗಿದೆ ಎಂದೆ. ಸುಳ್ಳೇನಲ್ಲವಲ್ಲ, ನಿಜವಾಗಿಯೂ ಚೆನ್ನಾಗಿತ್ತು.

ಬಸ್ಸಿಗೆ ಹೊರಟಾಗ ಅವನು ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದ. "ಇಂಥಾದ್ದು ಇನ್ನೊಂದು ದಿಬ್ಬ ಎಲ್ಲ್ಯಾದರೂ ಅದ ಏನ್ರಿ? ನಿಮಗ ಗೊತ್ತಿರತದ."

ಗೊತ್ತಿತ್ತು. "ಇಲ್ಲಪ್ಪ, ಎಲ್ಲೂ ಇಲ್ಲ" ಎಂದೆ.

ಇಷ್ಟು ವರ್ಷ ಇತಿಹಾಸ, ಇತಿಹಾಸ ಎಂದು ಬರೆದ ನಾನು ಅದಕ್ಕೆ ಮಾಡಿದ ಒಂದೇ ಒಂದು ಸೇವೆ, ಆ ಸುಳ್ಳು.