ಬಸ್ಸಣ್ಣನ ಕನ್ನಡಿ
ಫುಟ್‌ಬಾಲ್ ಕ್ಲಬ್ಬಿನ ಬಸ್ಸು ಓಡಿಸುವ ಬಸ್ಸಣ್ಣನಿಗೆ ಆಟದ ನಿಯಮಗಳು ಅಷ್ಟಕ್ಕಷ್ಟೇ. ಆದರೆ ಇಪ್ಪತ್ತಾರು ವರ್ಷಗಳಲ್ಲಿ ಬಂದುಹೋದ ಹದಿನಾಲ್ಕು ಮಂದಿ ಮ್ಯಾನೇಜರುಗಳಲ್ಲಿ ಯಾರು ಉತ್ತಮ, ಯಾರು ಅಧಮ ಎಂದು ಕೇಳಿಬಿಟ್ಟರೆ ನ್ಯಾಯಾಧೀಶನಂತೆ ಅವನ ಕತ್ತು ನೆಟ್ಟಗಾಗುತ್ತದೆ. "ಗೆದ್ದಾಗ ಎಲ್ಲರೂ ದೇವರೇ ಕಣ್ರೀ. ಸೋತು ವಾಪಸ್ ಬರ್ತಾರಲ್ಲ, ಆವಾಗ ನನ್ನ ಕನ್ನಡೀಲಿ ನೋಡ್ಬೇಕು," ಎನ್ನುತ್ತಾನೆ. ಎರಡು ಕಪ್ ತಂದುಕೊಟ್ಟ ಮಹಾಶಯ ಅವನ ಪಟ್ಟಿಯಲ್ಲಿ ಕಟ್ಟಕಡೆಯವನು, ಏಕೆಂದರೆ ಸೋತ ದಿನ ಆತ ಆಟಗಾರರನ್ನು ಬಸ್ಸಿಗೆ ತುಂಬಿ, ತಾನು ಕಾರು ಹತ್ತಿ ಹೋಗಿಬಿಡುತ್ತಿದ್ದ. ನಾಲ್ಕೇ ತಿಂಗಳಿದ್ದು ಒಂದೂ ಪಂದ್ಯ ಗೆಲ್ಲದ ಡುಮ್ಮ ಮ್ಯಾನೇಜರನಿಗೆ ಮೊದಲ ಸ್ಥಾನ. ಎಂಟು ಗೋಲು ಬಿಟ್ಟುಕೊಟ್ಟ ದಿನ ಆತ ಬಸ್ಸಣ್ಣನ ಕಿವಿಯ ಬಳಿ ಬಗ್ಗಿ, "ಅಣ್ಣಾ, ಸ್ವಲ್ಪ ಸುತ್ತು ಹಾಕ್ಕೊಂಡು ಹೋಗಿ. ಹುಡುಗರು ಅತ್ತು ಮುಗಿಸ್ಲಿ, ಮನೆಯವರಿಗೆ ಈ ಮುಖ ತೋರಿಸೋದು ಬೇಡ," ಎಂದಿದ್ದ. ಅವನನ್ನು ಕಿತ್ತುಹಾಕಿ ಒಂಬತ್ತು ವರ್ಷವಾಯಿತು. ಸೋತ ದಿನ ಬಸ್ಸಣ್ಣ ಯಾರಿಗೂ ಹೇಳದೆ ಇಂದಿಗೂ ಕೆರೆ ಸುತ್ತುವ ದಾರಿಯನ್ನೇ ಹಿಡಿಯುತ್ತಾನೆ. ಹೋದ ಭಾನುವಾರ, ಹೊಸದಾಗಿ ಬಂದ ಮ್ಯಾನೇಜರಮ್ಮನ ಕೈಕೆಳಗೆ ತಂಡ ಮೊದಲ ಸಲ ಸೋತಿತು. ಬಸ್ಸು ಕೆರೆಯತ್ತ ತಿರುಗಿದ್ದೇ ತಡ, ಆಕೆ ಎದ್ದು ಮುಂದೆ ಬಂದು, "ದಾರಿ ತಪ್ಪಿತಾ ಅಣ್ಣಾ?" ಎಂದಳು. ಬಸ್ಸಣ್ಣ ಕನ್ನಡಿಯತ್ತ ಬೆರಳು ತೋರಿಸಿದ. ಅದರಲ್ಲಿ, ಹಿಂದಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಕುಳಿತ ಗೋಲ್‌ಕೀಪರ್ ಕಂಡ. "ಹಾಗಾದ್ರೆ ಇನ್ನೊಂದು ಸುತ್ತು ಹೊಡೀರಿ," ಎಂದವಳೇ ಹಿಂದೆ ಹೋಗಿ ಆ ಹುಡುಗನ ಪಕ್ಕ ಕುಳಿತಳು. ಮನೆಗೆ ಬಂದ ಬಸ್ಸಣ್ಣ ಚಪ್ಪಲಿಯನ್ನೂ ಬಿಡದೆ ಹೆಂಡತಿಗೆ ಹೇಳಿದ: "ಸದ್ಯಕ್ಕೆ ಎರಡನೇ ಸ್ಥಾನ ಕೊಟ್ಟಿದೀನಿ ಕಣೇ. ಇನ್ನೊಂದು ನಾಲ್ಕು ಪಂದ್ಯ ಸೋತ್ರೆ ಮೊದಲನೇದಕ್ಕೇ ಬರ್ತಾರೆ."