ಹದಿನಾಲ್ಕು ಸಾಲಿನ ಅಣವೀರಪ್ಪ

ಬೆಳಗಿನ ಆರು ಗಂಟೆ. ಮುಂಬಯಿಯ ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟುಗಳು ಇಳಿಯುವ ಹೊತ್ತಿಗೆ ಅಣವೀರಪ್ಪ ಅಚ್ಚುಕೂಟದ ಬಾಗಿಲು ತೆಗೆದಾಗಿದೆ. ಸೀಸದ ಅಚ್ಚುಮೊಳೆಗಳಿಗೆ ಕೈಹಾಕುವ ಮೊದಲು ಅವರು ಕೈಬರಹದ ಹಾಳೆಯನ್ನು ಗಟ್ಟಿಯಾಗಿ ಓದುತ್ತಾರೆ. ಎದುರಿಗೆ ಕೂತು ಅಚ್ಚಾದ ಹಾಳೆ ಮಡಚುವ ಇಂದ್ರಾಬಾಯಿ ಕಿವಿಗೊಡುತ್ತಾರೆ. ಆಕೆಗೆ ಓದು ಬಾರದು. ಆಕೆ ಪ್ರಶ್ನೆ ಕೇಳಿದರೆ ಬರಹದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ; ಸುಮ್ಮನೆ ಹಾಳೆ ಎಣಿಸತೊಡಗಿದರೆ ಏನೋ ಹೆಚ್ಚಾಗಿದೆ ಎಂದರ್ಥ.

ಮುಂಬಯಿ ಕನ್ನಡಿಗರ ಶಾಲೆ, ಖಾನಾವಳಿ, ದವಾಖಾನೆಗಳ ವಿವರ ಕೂಡಿಸುವ ಕೋಶವೊಂದು ನಾಲ್ಕು ವರ್ಷದಿಂದ, ಎಂಬತ್ತನಾಲ್ಕನೇ ಇಸವಿಯಿಂದ, ಇಲ್ಲಿ ಅಚ್ಚಾಗುತ್ತಿದೆ. ಒಂದೊಂದಕ್ಕೂ ಹದಿನಾಲ್ಕೇ ಸಾಲು. ಬರೆಯುವವರು ನಲವತ್ತು ಸಾಲು ತಂದುಕೊಡುತ್ತಾರೆ. ಇಳಿಸುವ ಹೊಣೆಯನ್ನು ಸಂಪಾದಕ ಕೇಶವಮೂರ್ತಿ ಮೊಳೆ ಜೋಡಿಸುವ ಈ ಕಂಪೋಜಿಟರಿಗೇ ಬಿಟ್ಟಿದ್ದಾರೆ. ಇದುವರೆಗೆ ಆರುನೂರ ಹನ್ನೆರಡು ಬರಹ ಇವರ ಕೈದಾಟಿವೆ.

ಗುಲ್ಬರ್ಗಾ ಕಡೆಯಿಂದ ಹದಿನೈದರ ವಯಸ್ಸಿಗೆ ಮೂಟೆ ಹೊರಲು ಬಂದವರು ಇವರು. ಅಕ್ಷರ ಕಲಿತದ್ದು ಇಲ್ಲಿಯ ರಾತ್ರಿಶಾಲೆಯಲ್ಲಿ. ಕತ್ತರಿಸುವುದನ್ನು ಕಲಿತದ್ದು ತಪ್ಪು ಮಾಡಿ. ಮೊದಲ ಸಂಪುಟದಲ್ಲಿ ಒಂದು ಧರ್ಮದವಾಖಾನೆಯ ಬಗ್ಗೆ "ಹಿಂದಿನ ಗಲ್ಲಿಯಿಂದ ಒಳಗೆ ಬರಬೇಕು" ಎಂಬ ಸಾಲನ್ನು ಚಿಲ್ಲರೆ ವಿಷಯವೆಂದು ತೆಗೆದುಬಿಟ್ಟರು. ಜ್ವರದ ಮೊಮ್ಮಗಳನ್ನು ಎತ್ತಿಕೊಂಡು, ಆ ಪುಟ ನಂಬಿ ಬೊರಿವಲಿಯಿಂದ ಬಂದ ದಾನವ್ವ ಮುಂಬಾಗಿಲಿನ ಬೀಗ ನೋಡಿ ಹಿಂತಿರುಗಿದರು. ಮಗು ಚೇತರಿಸಿಕೊಂಡ ಮೇಲೆ ಅಚ್ಚುಕೂಟಕ್ಕೇ ಬಂದು ಜಾಡಿಸಿದರು: "ಡಾಕ್ಟರನ ಅಪ್ಪನ ಹೆಸರು ಬರದೀರಿ, ಬಾಗಲಾ ಎಲ್ಲೈತಿ ಅಂತ ಬರೀಲಿಲ್ಲ!"

ಇಂದು ಯಂತ್ರಕ್ಕೆ ಹೋಗಬೇಕಾದದ್ದು ಅಣವೀರಪ್ಪ ಅಕ್ಷರ ಕಲಿತ ಅದೇ ರಾತ್ರಿಶಾಲೆಯ ಪುಟ. ವಿಲೆ ಪಾರ್ಲೆಯಿಂದ ಲೋಕಲ್ ಹಿಡಿದು ಬಂದ ಕೇಶವಮೂರ್ತಿಯವರು ಕರಡಚ್ಚು ನೋಡಿ ಹುಬ್ಬೇರಿಸುತ್ತಾರೆ.

"ಏನ್ರೀ ಅಣವೀರಪ್ಪ, ಶಾಲೆಯ ಹತ್ತೊಂಬತ್ತು ಅಧ್ಯಕ್ಷರನ್ನ ಒಂದೇ ಏಟಿಗೆ ಹಾರಿಸಿಬಿಟ್ರಲ್ಲ! ಅದರಲ್ಲಿ ನಮ್ಮ ಮಾವನವರೂ ಇದ್ರು ಕಣ್ರೀ."

"ಮೂರನೇ ಅಧ್ಯಕ್ಷರಿಗೇ ಇಂದ್ರಾಬಾಯಿ ಹಾಳಿ ಎಣಸಾಕ ಹತ್ಯಾಳ್ರಿ ಸಾಹೇಬ್ರ. ನಾ ಏನ್ ಮಾಡ್ಲಿ?"

"ಆದ್ರೆ ಇದು ಹದಿಮೂರೇ ಸಾಲಿದೆ. ಇನ್ನೊಂದು?"

ಅಣವೀರಪ್ಪ ಖಾಲಿ ಬಿಟ್ಟ ಸಾಲಿನ ಮೇಲೆ ಬೆರಳಿಡುತ್ತಾರೆ. ತಮಗೆ ಅಕ್ಷರ ಕಲಿಸಿದ, ಈಗಿಲ್ಲದ ನೀಲಕಂಠಪ್ಪ ಮಾಸ್ತರರ ಹೆಸರು ಆ ನಲವತ್ತು ಸಾಲಿನಲ್ಲಿ ಎಲ್ಲಿಯೂ ಇಲ್ಲ. ಇಲ್ಲಿ ಬರದಿದ್ದರೆ ಇನ್ನೆಲ್ಲಿಯೂ ಬರುವುದಿಲ್ಲ. "ನಮ್ಮ ಮಾಸ್ತರಂತ ನಾ ಸೇರಿಸಿದ್ರ, ಮಾವನ ಹೆಸರು ಇರಲಿ ಅನ್ನೋ ನಿಮಗೂ ನನಗೂ ಏನ್ ಫರಕ್ರಿ?"

ಅಷ್ಟರಲ್ಲಿ ಇಂದ್ರಾಬಾಯಿ ತಲೆಯೆತ್ತುತ್ತಾರೆ. "ರಾತ್ರಿಸಾಲಿ ಅಂತೀರಿ, ಕಲಿಸಿದವರ್ಯಾರು ಅಂತ ಹೇಳಲೇ ಇಲ್ಲಲ್ಲ ಅಣ್ಣಾ?"

ಸಂಪಾದಕರು ನಕ್ಕುಬಿಡುತ್ತಾರೆ. "ಆಯ್ತು, ಜೋಡಿಸ್ರೀ. ಮಾವನವರಿಗೆ ನಾನು ಹೇಳ್ಕೋತೀನಿ."

ಗಿರಣಿ ಪಾಳಿ ಮುಗಿಸಿ ಮಾಸ್ತರರು ಕೆಮ್ಮುತ್ತ ಬರುತ್ತಿದ್ದುದು, ಮೂಟೆ ಹೊತ್ತು ಮರಗಟ್ಟಿದ ಬೆರಳು ಹಿಡಿದು ತಿದ್ದಿಸಿದ್ದು, ಇವೆಲ್ಲ ಅಣವೀರಪ್ಪನವರ ನೆನಪಿನಲ್ಲಿವೆ. ಅದರಲ್ಲಿ ಒಂದನ್ನೂ ಅವರು ಸೇರಿಸುವುದಿಲ್ಲ. ಯಾರು, ಎಷ್ಟು ವರ್ಷ, ಎಷ್ಟು ಜನಕ್ಕೆ ಕಲಿಸಿದರು ಎಂಬುದಷ್ಟೇ ಒಂದು ಸಾಲಾಗಿ ಕೂರುತ್ತದೆ.

ಹೊಸ ಕರಡಚ್ಚನ್ನು ಬೆಳಕಿಗೆ ಹಿಡಿದು ಎರಡು ಸಲ ಓದುತ್ತಾರೆ. "ಮಾಸ್ತರು ಇದ್ದಿದ್ರ ಮೊದಲು ತಪ್ಪು ಹುಡಕತಿದ್ರು," ಎನ್ನುತ್ತಾರೆ. "ಹುಡಕ್ಲಿ ಬಿಡ್ರಿ. ಒಂದೂ ಇಲ್ಲ."